ಫೈಬರ್ ದೋಣಿಯ ತೂತು, ಬಿರುಕು ರಿಪೇರಿ: ಕರಾವಳಿಯ ಹವೆಗೆ ಹೊಂದುವ ಸಮಗ್ರ ಮಾರ್ಗದರ್ಶಿ

ಮಲ್ಪೆ, ಗಂಗೊಳ್ಳಿ, ಮಂಗಳೂರಿನ ಧಕ್ಕೆ, ಬೆಂಗ್ರೆ, ಎಲ್ಲಿ ನೋಡಿದರೂ ದಡಕ್ಕೆ ಎಳೆದಿಟ್ಟ ಫೈಬರ್ ದೋಣಿಗಳು ಕಾಣುತ್ತವೆ. ಬಂಡೆಗೆ ತಾಗಿ ತೂತಾದ, ಜೆಟ್ಟಿಗೆ ಬಡಿದು ಸೀಳಿದ ದೋಣಿಗೆ ಗಾಜಿನ ನಾರಿನ ಮ್ಯಾಟ್ ಅಂಟಿಸಿ ರೆಸಿನ್ ಎಂಬ ಅಂಟುದ್ರವ ಬಳಿಯುವುದು ದೊಡ್ಡ ವಿದ್ಯೆಯಲ್ಲ. ಆದರೆ ಹಾಗೆ ಹಾಕಿದ ತೇಪೆ ಮುಂದಿನ ವರ್ಷಕ್ಕೆ ಅಂಚಿನಿಂದ ಎದ್ದು ಬರುವುದು ತೀರಾ ಸಾಮಾನ್ಯ. ಆಗ ಬೈಗಳು ಬೀಳುವುದು ರೆಸಿನ್‌ಗೆ. ನಿಜವಾದ ಕಾರಣ ಹೆಚ್ಚಿನ ಸಲ ಎರಡೇ: ದೋಣಿಯ ಮೈ ಒಣಗಿರಲಿಲ್ಲ, ಅಥವಾ ರೆಸಿನನ್ನು ಗಟ್ಟಿಯಾಗಿಸುವ ಕ್ಯಾಟಲಿಸ್ಟನ್ನು ತೂಗದೆ ಕಣ್ಣಂದಾಜಿನಲ್ಲಿ ಸುರಿದಿದ್ದರು. ಹಾಗಾಗಿ ಇಲ್ಲಿ ಈ ಎರಡಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇವೆ.

ಯಾವಾಗ ಮಾಡಬೇಕು ಎಂಬ ಮಾತು ಮೊದಲು. ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. ದೋಣಿಗೆ ಬಿಡುವು ಸಿಗುವುದು ಆಗಲೇ, ಆದ್ದರಿಂದ ರಿಪೇರಿಯನ್ನೂ ಆಗಲೇ ಇಟ್ಟುಕೊಳ್ಳುತ್ತಾರೆ. ಫೈಬರ್ ಕೆಲಸಕ್ಕೆ ವರ್ಷದಲ್ಲಿ ಅದಕ್ಕಿಂತ ಕೆಟ್ಟ ಸಮಯ ಇನ್ನೊಂದಿಲ್ಲ. ಆದಷ್ಟು ಮಾರ್ಚ್‌ನಿಂದ ಮೇ ನಡುವೆ, ಮಳೆಗೆ ಮೊದಲೇ ಮುಗಿಸಿ. ಮಳೆಗಾಲದಲ್ಲೇ ಮಾಡಬೇಕಾಗಿ ಬಂದರೆ ಮಾಡು ಇರುವ ಶೆಡ್ ಬೇಕೇ ಬೇಕು. ನಾಲ್ಕು ಕಂಬಕ್ಕೆ ಟಾರ್ಪಾಲು ಕಟ್ಟಿದರೆ ಮಳೆ ನಿಲ್ಲುತ್ತದೆ, ತೇವ ನಿಲ್ಲುವುದಿಲ್ಲ.

ಗಟ್ಟಿಯಾಗುವುದು ಹೇಗೆ

ದೋಣಿಗೆ ಬಳಸುವ ಪಾಲಿಯೆಸ್ಟರ್ ರೆಸಿನ್ ಅರ್ಧ ಮುಗಿಸಿಟ್ಟ ಪ್ಲಾಸ್ಟಿಕ್. ಕಾರ್ಖಾನೆಯಲ್ಲಿ ಪ್ರೊಪಿಲೀನ್ ಗ್ಲೈಕಾಲ್, ಮ್ಯಾಲೆಯಿಕ್ ಅನ್‌ಹೈಡ್ರೈಡ್, ಥಾಲಿಕ್ ಅನ್‌ಹೈಡ್ರೈಡ್ ಇವನ್ನು ಬಿಸಿಮಾಡಿ ಪಾಲಿಯೆಸ್ಟರ್ ಸರಪಳಿ ಕಟ್ಟುತ್ತಾರೆ. ಆ ಮಂದ ದ್ರವ್ಯವನ್ನು ಸ್ಟೈರೀನ್‌ನಲ್ಲಿ ಕರಗಿಸಿ ಡಬ್ಬಿಗೆ ತುಂಬುತ್ತಾರೆ. ತೂಕದಲ್ಲಿ ಹೆಚ್ಚುಕಡಿಮೆ 35ರಿಂದ 45 ಶೇಕಡಾ ಸ್ಟೈರೀನೇ ಇರುತ್ತದೆ, ಮೂಗಿಗೆ ಹೊಡೆಯುವ ವಾಸನೆ ಅದರದ್ದು. ಉಳಿದರ್ಧ ಕೆಲಸ ನಡೆಯುವುದು ದೋಣಿಯ ಮೇಲೆ. ಎಂಇಕೆಪಿ ಎಂಬ ಪೆರಾಕ್ಸೈಡ್ (ಕ್ಯಾಟಲಿಸ್ಟ್ ಎನ್ನುವುದು ಇದನ್ನೇ) ಒಡೆದು ರ್‍ಯಾಡಿಕಲ್‌ಗಳನ್ನು ಹುಟ್ಟಿಸುತ್ತದೆ, ಸುಮ್ಮನಿರದೆ ಬೇರೆ ಅಣುಗಳಿಗೆ ಅಂಟುವ ಈ ತುಣುಕುಗಳು ಸ್ಟೈರೀನನ್ನು ಸೇತುವೆ ಮಾಡಿಕೊಂಡು ಪಾಲಿಯೆಸ್ಟರ್ ಸರಪಳಿಗಳನ್ನು ಒಂದಕ್ಕೊಂದು ಹೆಣೆಯುತ್ತವೆ. ನಮ್ಮ ಹವೆಯ ಉಷ್ಣತೆಯಲ್ಲಿ ಎಂಇಕೆಪಿ ತಾನಾಗಿ ಸಾಕಷ್ಟು ಬೇಗ ಒಡೆಯುವುದಿಲ್ಲ. ಅದನ್ನು ಒಡೆಸುವುದು ಕೋಬಾಲ್ಟ್, ಅಂಗಡಿಯವರು ಆಕ್ಸಿಲರೇಟರ್ ಎಂದು ಕೊಡುವ ನೇರಳೆ ಬಣ್ಣದ ದ್ರವ.

ಹೀಗೆ ಒಮ್ಮೆ ಹೆಣೆದುಕೊಂಡದ್ದು ಮತ್ತೆ ಕರಗುವುದಿಲ್ಲ. ಕುತ್ತೆತ್ತೂರಿನ ಎಂಆರ್‌ಪಿಎಲ್‌ನಲ್ಲಿ ತಯಾರಾಗುವ ಪಾಲಿಪ್ರೊಪಿಲೀನನ್ನೋ, ಮೀನಿನ ಕ್ರೇಟಿನ ಎಚ್‌ಡಿಪಿಇಯನ್ನೋ ಕಾಯಿಸಿ ಬೇರೆ ಆಕಾರಕ್ಕೆ ತರಬಹುದು. ಫೈಬರ್ ದೋಣಿಯನ್ನು ಕಾಯಿಸಿದರೆ ಸುಟ್ಟು ಕರಿಯಾಗುತ್ತದೆ, ಅಷ್ಟೇ. ಇನ್ನೊಂದು ವಿಷಯ: ಪಾಲಿಪ್ರೊಪಿಲೀನ್, ಎಚ್‌ಡಿಪಿಇ ಎರಡಕ್ಕೂ ಈ ರೆಸಿನ್ ಅಂಟುವುದಿಲ್ಲ. ಒಡೆದ ಕ್ರೇಟಿಗೋ ನೀರಿನ ಡ್ರಮ್ಮಿಗೋ ಫೈಬರ್ ತೇಪೆ ಹಾಕಿ ಪ್ರಯೋಜನವಿಲ್ಲ. ಅದೇ ಕಾರಣಕ್ಕೆ ಕಲಸಲು ಆ ಪ್ಲಾಸ್ಟಿಕ್ಕಿನ ಮಗ್ ಒಳ್ಳೆಯದು, ಒಣಗಿದ ರೆಸಿನ್ ತಟ್ಟಿದರೆ ಉದುರುತ್ತದೆ. ಥರ್ಮಾಕೋಲ್ ಕಪ್ ಮಾತ್ರ ಬೇಡ, ಸ್ಟೈರೀನ್ ಅದನ್ನು ಕ್ಷಣದಲ್ಲಿ ಕರಗಿಸುತ್ತದೆ. ದೋಣಿಯ ಒಳಖಾನೆಗಳಲ್ಲಿ ತೇಲಲೆಂದು ಥರ್ಮಾಕೋಲ್ ತುಂಬಿದ್ದರೆ ಅದರ ಮೇಲೂ ರೆಸಿನ್ ಸೋರದಂತೆ ನೋಡಿಕೊಳ್ಳಿ.

ತರಬೇಕಾದ ಸಾಮಾನು

ನೀರಿನ ಮಟ್ಟದ ಕೆಳಗಿನ ಕೆಲಸಕ್ಕೆ ಸಾಮಾನ್ಯ ಜಿಪಿ (ಜನರಲ್ ಪರ್ಪಸ್) ರೆಸಿನ್ ಬದಲು ಐಸೊಥಾಲಿಕ್ ರೆಸಿನ್ ಕೇಳಿ. ಬೆಲೆ ಜಾಸ್ತಿ, ಆದರೆ ಉಪ್ಪುನೀರಿನಲ್ಲಿ ಗುಳ್ಳೆ ಏಳುವುದು ಕಡಿಮೆ. ತಯಾರಾದ ತಿಂಗಳನ್ನು ಡಬ್ಬಿಯ ಮೇಲೆ ನೋಡಿ, ಆರು ತಿಂಗಳು ದಾಟಿದ್ದು ಬೇಡ. ಬಿಸಿಲು ಬೀಳುವ ಕಡೆ ಇಟ್ಟ ಡಬ್ಬಿ ಅದಕ್ಕೂ ಮೊದಲೇ ಒಳಗೆ ಗಂಟು ಕಟ್ಟಿರುತ್ತದೆ.

ಗ್ಲಾಸ್ ಎರಡು ಬಗೆ. ಚೂರು ನಾರನ್ನು ಎಲ್ಲ ದಿಕ್ಕಿಗೂ ಹರಡಿ ಒತ್ತಿದ್ದು ಮ್ಯಾಟ್. ಚದರ ಮೀಟರಿಗೆ 300, 450, 600 ಗ್ರಾಂನದ್ದು ಸಿಗುತ್ತದೆ. ಗೋಣಿಯ ಹಾಗೆ ನೇಯ್ದದ್ದು ರೋವಿಂಗ್, ದೋಣಿಗೆ 610 ಗ್ರಾಂನದ್ದು ರೂಢಿ. ಬಲ ಬರುವುದು ರೋವಿಂಗ್‌ನಿಂದ, ಪದರಗಳ ನಡುವೆ ಹಿಡಿತ ಮತ್ತು ನೀರಿಗೆ ತಡೆ ಬರುವುದು ಮ್ಯಾಟ್‌ನಿಂದ. ಎರಡು ರೋವಿಂಗ್ ಪದರಗಳನ್ನು ಒಂದರ ಮೇಲೊಂದು ನೇರವಾಗಿ ಹಾಕಬೇಡಿ, ನಡುವೆ ಮ್ಯಾಟ್ ಇರಲೇಬೇಕು. ಇಲ್ಲದಿದ್ದರೆ ಹೊಡೆತ ಬಿದ್ದಾಗ ಅವೆರಡೂ ಬೇರೆಬೇರೆಯಾಗಿ ಬಿಡುತ್ತವೆ.

ಉಳಿದದ್ದು: ಎಂಇಕೆಪಿ, ಆಕ್ಸಿಲರೇಟರ್, ಜೆಲ್‌ಕೋಟ್ (ದೋಣಿಯ ಮೈಯ ಹೊರಗಿನ ಬಣ್ಣದ ನುಣುಪು ಪದರ), ವ್ಯಾಕ್ಸ್ ದ್ರಾವಣ, ಅಸಿಟೋನ್, 4 ಇಂಚಿನ ಗ್ರೈಂಡರ್, ಅದಕ್ಕೆ 36 ಮತ್ತು 80 ನಂಬರಿನ ಡಿಸ್ಕ್, ಗಟ್ಟಿ ಕೂದಲಿನ 2 ಇಂಚಿನ ಬ್ರಷ್, ಅಲ್ಯುಮಿನಿಯಂ ಗೀರು ರೋಲರ್. ಇವುಗಳ ಜೊತೆ ಎರಡು ಚಿಕ್ಕ ಸಾಮಾನು ಮರೆಯಬಾರದು: 1 ಗ್ರಾಂ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ, 5 ಮಿ.ಲೀ. ಪ್ಲಾಸ್ಟಿಕ್ ಸಿರಿಂಜ್ ಎರಡು. ಕ್ಯಾಟಲಿಸ್ಟಿಗೊಂದು, ಆಕ್ಸಿಲರೇಟರಿಗೊಂದು, ಗುರುತು ಹಾಕಿ ಇಡಿ. ಅದಲುಬದಲು ಆಗಲೇಬಾರದು.

ಜೀವಕ್ಕೆ ಸಂಬಂಧಿಸಿದ ಮೂರು ಮಾತು

ಎಂಇಕೆಪಿ ಮತ್ತು ಕೋಬಾಲ್ಟ್ ನೇರವಾಗಿ ಕೂಡಿದರೆ ಭುಗಿಲೆದ್ದು ಸಿಡಿಯುತ್ತವೆ. ಮೊದಲು ಆಕ್ಸಿಲರೇಟರನ್ನು ರೆಸಿನ್‌ನಲ್ಲಿ ಪೂರ್ತಿ ಕಲಸಿ, ಬಣ್ಣ ಒಂದೇ ಸಮ ಬಂದ ಮೇಲೆ ಕ್ಯಾಟಲಿಸ್ಟ್ ಹಾಕಿ. ಎರಡೂ ಬಾಟಲಿಗಳನ್ನು ಒಂದೇ ಪೆಟ್ಟಿಗೆಯಲ್ಲಿ ಇಡಬೇಡಿ.

ಎಂಇಕೆಪಿಯ ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿ ಹೋಗಬಹುದು. ಕನ್ನಡಕ ಹಾಕದೆ ಬಾಟಲಿ ತೆರೆಯಬೇಡಿ. ಸಿಡಿದರೆ ಆ ಕ್ಷಣವೇ ಸಿಹಿನೀರಿನಲ್ಲಿ ಕನಿಷ್ಠ 15 ನಿಮಿಷ ಕಣ್ಣು ತೊಳೆಯುತ್ತಲೇ ಇರಿ, ಆಮೇಲೆ ಆಸ್ಪತ್ರೆಗೆ. ಆಸ್ಪತ್ರೆಗೆ ಓಡುವ ಗಡಿಬಿಡಿಯಲ್ಲಿ ತೊಳೆಯುವುದನ್ನು ಬಿಡುವುದೇ ದೊಡ್ಡ ಅಪಾಯ.

ಸ್ಟೈರೀನ್‌ನ ಆವಿಗೆ ಸುಮಾರು 31 ಡಿಗ್ರಿಯಲ್ಲೇ ಕಿಡಿ ತಾಗಿದರೆ ಬೆಂಕಿ ಹತ್ತುತ್ತದೆ. ಏಪ್ರಿಲ್‌ನ ಮಧ್ಯಾಹ್ನ ನಮ್ಮಲ್ಲಿ ಅದಕ್ಕಿಂತ ಹೆಚ್ಚೇ ಇರುತ್ತದೆ. ಅಸಿಟೋನ್ ಇನ್ನೂ ಸುಲಭವಾಗಿ ಹತ್ತಿಕೊಳ್ಳುತ್ತದೆ. ಬೀಡಿ, ವೆಲ್ಡಿಂಗ್, ಗ್ರೈಂಡರ್ ಕಿಡಿ ಯಾವುದೂ ಹತ್ತಿರ ಬೇಡ. ಬಟ್ಟೆಯ ಮಾಸ್ಕ್ ದೂಳಿಗೆ ಅಷ್ಟಿಷ್ಟು, ಆವಿಗೆ ಏನೂ ಮಾಡುವುದಿಲ್ಲ. ದೋಣಿಯ ಒಳಬದಿ ಬಗ್ಗಿ ಕೆಲಸ ಮಾಡುವವರಿಗೆ ಕಾರ್ಬನ್ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು.

ಹಾನಿ ಎಷ್ಟು ದೂರ ಹೋಗಿದೆ

ಕಣ್ಣಿಗೆ ಕಾಣುವ ತೂತಿಗಿಂತ ಏಟು ಬಿದ್ದ ಜಾಗ ಯಾವಾಗಲೂ ದೊಡ್ಡದು. ಐದು ರೂಪಾಯಿ ನಾಣ್ಯ ಹಿಡಿದು ತೂತಿನ ಅಂಚಿನಿಂದ ಹೊರಕ್ಕೆ ಕುಟ್ಟುತ್ತಾ ಹೋಗಿ. ಗಟ್ಟಿ ಇರುವಲ್ಲಿ ಟಣ್ ಎಂದು ಸ್ಪಷ್ಟ ಸದ್ದು, ಪದರ ಬಿಟ್ಟಿರುವಲ್ಲಿ ಬೊದ್ದು ಸದ್ದು. ಸದ್ದು ಬದಲಾಗುವ ಗೆರೆಯನ್ನು ಪೆನ್ಸಿಲಿನಿಂದ ಸುತ್ತಲೂ ಗುರುತಿಸಿ. ಬಣ್ಣ ಕೆರೆದಾಗ ಒಳಗೆ ಹಾಲಿನಷ್ಟು ಬೆಳ್ಳಗೆ ಕಂಡ ನಾರೂ ಏಟು ತಿಂದದ್ದೇ, ಅದನ್ನೂ ತೆಗೆಯಬೇಕು.

ಜೆಲ್‌ಕೋಟ್‌ನಲ್ಲಿ ಮಾತ್ರ ಇರುವ ಕೂದಲೆಳೆಯ ಬಿರುಕಿಗೆ ಮ್ಯಾಟ್ ಬೇಕಿಲ್ಲ. ಬಿರುಕಿನ ಉದ್ದಕ್ಕೂ 2–3 ಮಿ.ಮೀ. ಅಗಲದ ಸಣ್ಣ ಕಾಲುವೆ ತೋಡಿ ಜೆಲ್‌ಕೋಟ್ ತುಂಬಿದರೆ ಆಯಿತು. ಆದರೆ ಅದೇ ಬಿರುಕು ಅದೇ ಜಾಗದಲ್ಲಿ ಮತ್ತೆ ಬಂದರೆ ಅಲ್ಲಿ ದೋಣಿಯ ಮೈ ಬಾಗುತ್ತಿದೆ ಎಂದರ್ಥ, ಒಳಗಿನಿಂದ ಬಲ ಕೊಡಬೇಕು. ಔಟ್‌ಬೋರ್ಡ್ ಎಂಜಿನ್ ಕೂರುವ ಹಿಂಬದಿಯ ಪ್ಲೈವುಡ್ ಕೊಳೆತಿದ್ದರೆ ಈ ಮಾರ್ಗದರ್ಶಿ ಸಾಲದು. ಹಲಗೆಯನ್ನೇ ಬದಲಾಯಿಸಬೇಕು, ಮೇಲಿನಿಂದ ಎಷ್ಟು ಫೈಬರ್ ಹೊದೆಸಿದರೂ ನಿಲ್ಲುವುದಿಲ್ಲ.

ಹಿಂದೆ ಯಾರಾದರೂ ಎರಡು ಉಂಡೆ ಕಲಸಿ ಒತ್ತುವ ಎಪಾಕ್ಸಿ ಪುಟ್ಟಿಯಿಂದ ತೂತು ಮುಚ್ಚಿದ್ದರೆ ಅದನ್ನು ಪೂರ್ತಿ ಕಿತ್ತು ತೆಗೆಯಿರಿ. ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಹಿಡಿಯುವುದಿಲ್ಲ.

ತೊಳೆಯುವುದು, ಒಣಗಿಸುವುದು

ಮೊದಲು ಸಿಹಿನೀರು ಮತ್ತು ಸೋಪಿನ ಪುಡಿಯಿಂದ ಒಳಗೂ ಹೊರಗೂ ಉಜ್ಜಿ. ಉಪ್ಪು ಉಳಿದರೆ ಅದು ಗಾಳಿಯ ತೇವವನ್ನು ಎಳೆಯುತ್ತಲೇ ಇರುತ್ತದೆ. ಒಳಬದಿಯಲ್ಲಿ ಬೂತಾಯಿ, ಬಂಗುಡೆಯ ಎಣ್ಣೆ, ಸೀಮೆಎಣ್ಣೆ, ಎಂಜಿನ್ ಆಯಿಲ್ ಹಿಡಿದಿರುತ್ತದೆ. ಅದನ್ನು ಅಸಿಟೋನ್ ಬಟ್ಟೆಯಿಂದ ಒರೆಸಿಯೇ ಗ್ರೈಂಡರ್ ಹಚ್ಚಬೇಕು. ಮೊದಲು ಗ್ರೈಂಡರ್ ಹಚ್ಚಿದರೆ ಎಣ್ಣೆ ನಾರಿನ ಒಳಕ್ಕೆ ಇಳಿಯುತ್ತದೆ, ಆಮೇಲೆ ಏನು ಮಾಡಿದರೂ ಹೋಗುವುದಿಲ್ಲ. ಒರೆಸುವಾಗ ಬಟ್ಟೆ ಒಂದೇ ದಿಕ್ಕಿಗೆ ಹೋಗಲಿ, ಆಗಾಗ ಬದಲಾಯಿಸಿ.

ಆಮೇಲೆ ಕಾಯಬೇಕು. ತೂತಿನ ಅಂಚಿನ ತೆರೆದ ನಾರು ಬತ್ತಿಯಂತೆ ನೀರು ಹೀರಿರುತ್ತದೆ. ಮುಟ್ಟಿದರೆ ಒಣಗಿದಂತೆ ಇರುತ್ತದೆ, ಒಳಗೆ ಒಣಗಿರುವುದಿಲ್ಲ. ಬೇಸಿಗೆಯ ಬಿಸಿಲಲ್ಲಿ ಕನಿಷ್ಠ ಮೂರು-ನಾಲ್ಕು ದಿನ, ನೀರಲ್ಲೇ ಬಹಳ ಕಾಲ ಇದ್ದ ದೋಣಿಗೆ ವಾರ ದಾಟಿದರೂ ಸರಿ. ಹಗಲು ತೆರೆದಿಡಿ, ಇಬ್ಬನಿ ಬೀಳುವ ಮೊದಲೇ ಮುಚ್ಚಿ. ಹ್ಯಾಲೊಜನ್ ದೀಪದಿಂದ ಬೆಚ್ಚಗೆ ಮಾಡಬಹುದು, ಅಂಗೈ ಇಟ್ಟರೆ ತಡೆಯುವಷ್ಟು ಮಾತ್ರ. ಬ್ಲೋ ಲ್ಯಾಂಪ್ ಬೇಡ.

ಪರೀಕ್ಷೆ ಸುಲಭ. ಅರ್ಧ ಮೀಟರ್ ಚೌಕದ ತೆಳು ಪಾಲಿಥೀನ್ ಹಾಳೆಯನ್ನು ಆ ಜಾಗಕ್ಕೆ ನಾಲ್ಕೂ ಕಡೆ ಟೇಪ್ ಹಚ್ಚಿ, ಬಿಸಿಲಿನಲ್ಲಿ ಮೂರು-ನಾಲ್ಕು ಗಂಟೆ ಬಿಡಿ. ಹಾಳೆಯ ಒಳಬದಿಯಲ್ಲಿ ಬೆವರಿದ ಹನಿ ಕಂಡರೆ ಇನ್ನೂ ಒಣಗಬೇಕು.

ಮೈ ಒಣಗಿದ್ದರೂ ಗಾಳಿ ಕೆಡಿಸಬಹುದು. ಫೈಬರ್ ಹಾಕುವಾಗ ದೋಣಿಯ ಮೈ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕು. 30 ಡಿಗ್ರಿ ಹವೆ, 60 ಶೇಕಡಾ ತೇವ ಇದ್ದರೆ ಇಬ್ಬನಿ ಕಟ್ಟುವುದು ಸುಮಾರು 21 ಡಿಗ್ರಿಯಲ್ಲಿ, ಭಯವಿಲ್ಲ. ಅದೇ 30 ಡಿಗ್ರಿಗೆ ತೇವ 85 ಶೇಕಡಾ ಆದರೆ ಅದು 27 ಡಿಗ್ರಿಗೆ ಏರುತ್ತದೆ. ಜುಲೈಯಲ್ಲಿ ನೆರಳಲ್ಲಿರುವ ದೋಣಿಯ ಮೈ ಅದಕ್ಕಿಂತ ಒಂದೆರಡು ಡಿಗ್ರಿಯಷ್ಟೇ ಮೇಲಿರುತ್ತದೆ, ಕಣ್ಣಿಗೆ ಕಾಣದ ನೀರಿನ ಪೊರೆ ಮೇಲೆ ಕೂತಿರುತ್ತದೆ. ತೇವ ಅಳೆಯುವ ಚಿಕ್ಕ ಮೀಟರ್ ಒಂದು ಶೆಡ್ಡಿನಲ್ಲಿ ನೇತುಹಾಕಿ, 80 ದಾಟಿದ ದಿನ ರೆಸಿನ್ ಡಬ್ಬಿ ತೆರೆಯಬೇಡಿ.

ಇಳಿಜಾರು ಕೆತ್ತುವುದು

ಹೊಸ ಫೈಬರ್ ಹಳೆಯದಕ್ಕೆ ಬರೀ ಅಂಟಿ ಹಿಡಿಯುತ್ತದೆ. ಹಾಗಾಗಿ ಹಿಡಿಯಲು ಅಗಲವಾದ ಜಾಗ ಬೇಕು. ದಪ್ಪದ 12 ಪಟ್ಟು ಅಗಲಕ್ಕೆ ಇಳಿಜಾರು ಕೊಡಿ. ಮೈ 6 ಮಿ.ಮೀ. ದಪ್ಪ ಇದ್ದರೆ ತೂತಿನ ಅಂಚಿನಿಂದ ಸುತ್ತಲೂ 72 ಮಿ.ಮೀ. ಅಂದರೆ 10 ಸೆಂ.ಮೀ. ತೂತಿಗೆ ಕೆತ್ತಿದ ಜಾಗ ಸುಮಾರು 25 ಸೆಂ.ಮೀ. ಆಗುತ್ತದೆ. ನೋಡಿದರೆ ಹೊಟ್ಟೆ ಉರಿಯುತ್ತದೆ, ಆದರೂ ಕಡಿಮೆ ಮಾಡಬೇಡಿ. ಎರಡು ಇಂಚಿನ ಅಂಚಿಗೆ ಹಚ್ಚಿದ ತೇಪೆಯೇ ಅಲೆಯ ಹೊಡೆತಕ್ಕೆ ಬಿಡುವುದು.

ಚೌಕ ತೂತಿದ್ದರೆ ಮೂಲೆ ದುಂಡಗೆ ಮಾಡಿ. 36 ನಂಬರಿನ ಡಿಸ್ಕಿನಿಂದ ಆಕಾರ ತಂದು, ಕೊನೆಗೆ 80ರಿಂದ ಒಮ್ಮೆ ಓಡಿಸಿ. ಹೊಳಪು ಎಲ್ಲೂ ಉಳಿಯಬಾರದು. ದೂಳನ್ನು ಬ್ರಷ್ಷಿನಿಂದ ತೆಗೆದು ಅಸಿಟೋನ್‌ನಿಂದ ಒರೆಸಿ, ಅದು ಆರಲು ಹತ್ತು ನಿಮಿಷ ಬಿಡಿ. ಅಲ್ಲಿಂದ ಮುಂದೆ ಬರಿಗೈ ತಾಗಿಸಬೇಡಿ.

ಒಳಗೆ ಕೈ ಹೋಗುವ ಹಾಗಿದ್ದರೆ ಹಿಂಬದಿಯಿಂದ ಆಸರೆ ಕೊಡಿ: ಬಾಗುವ ಫಾರ್ಮಿಕಾ ಹಾಳೆಗೆ ಪಾಲಿಥೀನ್ ಸುತ್ತಿ, ದೋಣಿಯ ಬಾಗಿಗೆ ಸರಿಯಾಗಿ ಒತ್ತಿ ಊರುಗೋಲು ನಿಲ್ಲಿಸಿ. ಹೊರಗಿನ ಕೆಲಸ ಗಟ್ಟಿಯಾದ ಮೇಲೆ ಅದನ್ನು ತೆಗೆದು, ಒಳಬದಿಯನ್ನು ಉಜ್ಜಿ, 30 ಸೆಂ.ಮೀ. ಅಗಲದ 450 ಮ್ಯಾಟ್ ಎರಡು ಪದರ ಹಾಕಿ.

ಲೆಕ್ಕ

6 ಮಿ.ಮೀ. ದಪ್ಪ ತುಂಬಲು ಹೊರಗಿನಿಂದ ಏಳು ಪದರ. 450 ಮ್ಯಾಟ್ ಒಂದಕ್ಕೆ ಸುಮಾರು 1 ಮಿ.ಮೀ., 610 ರೋವಿಂಗ್‌ಗೆ ಮುಕ್ಕಾಲು ಮಿ.ಮೀ., 300 ಮ್ಯಾಟ್‌ಗೆ 0.7 ಮಿ.ಮೀ. ಬರುತ್ತದೆ. ದುಂಡಗೆ ಕತ್ತರಿಸಬೇಕಾದ ಅಳತೆ ಹೀಗಿದೆ:

26 ಸೆಂ.ಮೀ. – 450 ಮ್ಯಾಟ್
23.5 ಸೆಂ.ಮೀ. – 450 ಮ್ಯಾಟ್
21 ಸೆಂ.ಮೀ. – ರೋವಿಂಗ್
19 ಸೆಂ.ಮೀ. – 450 ಮ್ಯಾಟ್
16.5 ಸೆಂ.ಮೀ. – ರೋವಿಂಗ್
14 ಸೆಂ.ಮೀ. – 450 ಮ್ಯಾಟ್
12 ಸೆಂ.ಮೀ. – 300 ಮ್ಯಾಟ್

ಕತ್ತರಿಸಿದ ಗ್ಲಾಸನ್ನೆಲ್ಲ ತೂಗಿದರೆ ಹೆಚ್ಚುಕಡಿಮೆ 100 ಗ್ರಾಂ: ಮ್ಯಾಟ್ 66, ರೋವಿಂಗ್ 34. ಮ್ಯಾಟ್ ತನ್ನ ತೂಕದ ಎರಡೂವರೆ ಪಟ್ಟು ರೆಸಿನ್ ಕುಡಿಯುತ್ತದೆ, ರೋವಿಂಗ್ ತನ್ನಷ್ಟೇ ತೂಕದ್ದು. ಒಟ್ಟು 200 ಗ್ರಾಂ, ಬ್ರಷ್ ಮತ್ತು ಮಗ್‌ಗೆ ಅಂಟಿ ಹೋಗುವುದಕ್ಕೆ ಇನ್ನು 50. ಇದನ್ನು ಒಟ್ಟಿಗೆ ಕಲಸಬೇಡಿ, ಒಂದು ಸಲಕ್ಕೆ ಹೆಚ್ಚೆಂದರೆ 125 ಗ್ರಾಂನಂತೆ, ಬೇಕಾದಾಗ ಬೇಕಾದಷ್ಟೇ ಕಲಸಿ.

ಕ್ಯಾಟಲಿಸ್ಟ್ ರೆಸಿನ್‌ನ ತೂಕದ 1.5 ಶೇಕಡಾ. 125 ಗ್ರಾಂಗೆ ಸುಮಾರು 1.9 ಗ್ರಾಂ, ಸಿರಿಂಜಿನಲ್ಲಿ 1.7 ಮಿ.ಲೀ. 1 ಶೇಕಡಾಕ್ಕಿಂತ ಕೆಳಗೆ ಹೋಗಬೇಡಿ. ಅಂಥ ರೆಸಿನ್ ಗಟ್ಟಿಯಾದಂತೆ ಕಂಡರೂ ಒಳಗೆ ಹೆಣಿಗೆ ಅರ್ಧಕ್ಕೇ ನಿಂತಿರುತ್ತದೆ, ಆಮೇಲೆ ಎಷ್ಟು ಬಿಸಿಲಿಗಿಟ್ಟರೂ ಪೂರ್ತಿಯಾಗುವುದಿಲ್ಲ. 2 ಶೇಕಡಾ ದಾಟಬೇಡಿ. ಬೇಗ ಆಗಲೆಂದು ಹೆಚ್ಚು ಸುರಿದರೆ ಕಾದು, ಸೀಳಿ, ಪೆಡಸಾಗುತ್ತದೆ. ಆಕ್ಸಿಲರೇಟರ್ ವಿಷಯದಲ್ಲಿ ಚೀಟಿ ಓದಲೇಬೇಕು. 6 ಶೇಕಡಾ ಕೋಬಾಲ್ಟ್ ಇರುವುದಾದರೆ ರೆಸಿನ್‌ನ 0.2ರಿಂದ 0.5 ಶೇಕಡಾ ಸಾಕು, ತೆಳು ಮಾಡಿದ್ದಾದರೆ 1ರಿಂದ 2 ಶೇಕಡಾ ಬೇಕಾಗುತ್ತದೆ. ಕೆಲವು ರೆಸಿನ್‌ಗೆ ಕಾರ್ಖಾನೆಯಲ್ಲೇ ಹಾಕಿರುತ್ತಾರೆ, ಅದಕ್ಕೆ ಮತ್ತೆ ಹಾಕಬಾರದು.

ದೋಣಿಗೆ ಹಚ್ಚುವ ಮೊದಲು ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ 100 ಗ್ರಾಂ ಕಲಸಿ ಗಡಿಯಾರ ನೋಡಿ. ಮಗ್ ಅಲುಗಿಸಿದರೆ ರೆಸಿನ್ ಹಾಲುಬಾಯಿಯಂತೆ ನಡುಗುವ ಹಂತಕ್ಕೆ 15ರಿಂದ 25 ನಿಮಿಷದಲ್ಲಿ ಬರಬೇಕು. ಬೇಗ ಬಂದರೆ ಆಕ್ಸಿಲರೇಟರ್ ಕಡಿಮೆ ಮಾಡಿ, ತಡವಾದರೆ ಸ್ವಲ್ಪ ಹೆಚ್ಚಿಸಿ. ಕ್ಯಾಟಲಿಸ್ಟನ್ನು ಹಾಗೇ ಬಿಡಿ. ಹವೆ 10 ಡಿಗ್ರಿ ಏರಿದರೆ ಈ ಸಮಯ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಬಿಸಿಲಿಗೆ ನಿಂತ ಗಾಢ ಬಣ್ಣದ ದೋಣಿಯ ಮೇಲೆ ನೇರ ಹಚ್ಚಿದರೆ ಬ್ರಷ್ ಎತ್ತುವ ಮೊದಲೇ ಗಟ್ಟಿಯಾಗುವುದು ಇದಕ್ಕೇ. ಬೆಳಗ್ಗೆ ಇಬ್ಬನಿ ಆರಿದ ಮೇಲೆ, ಒಂಬತ್ತೂವರೆಯಿಂದ ಹನ್ನೆರಡರ ಒಳಗೆ, ನೆರಳಿನಲ್ಲಿ ಮಾಡುವುದು ಒಳ್ಳೆಯದು.

ಪದರ ಹಾಕುವುದು

ದೊಡ್ಡದು ಮೊದಲೋ ಚಿಕ್ಕದು ಮೊದಲೋ ಎಂಬ ಚರ್ಚೆ ಇದ್ದೇ ಇದೆ, ಎರಡೂ ರೂಢಿಯಲ್ಲಿವೆ. ನಮ್ಮ ಅಭಿಪ್ರಾಯ ದೊಡ್ಡದು ಮೊದಲು. ಆಗ ಒಂದೇ ಪೂರ್ತಿ ಪದರ ಇಡೀ ಇಳಿಜಾರನ್ನು ಹಿಡಿಯುತ್ತದೆ, ಕೊನೆಗೆ ಮೇಲ್ಮೈ ಸಮ ಮಾಡುವಾಗ ಆ ಪದರದ ನಾರು ಕತ್ತರಿಸಿ ಹೋಗುವುದಿಲ್ಲ.

ಕೆತ್ತಿದ ಜಾಗಕ್ಕೆಲ್ಲ ಮೊದಲು ತೆಳ್ಳಗೆ ರೆಸಿನ್ ಹಚ್ಚಿ. ಅದರ ಮೇಲೆ ಒಣ ಮ್ಯಾಟ್ ಇಟ್ಟು, ಬ್ರಷ್ಷಿನ ತುದಿಯಿಂದ ಕುಟ್ಟಿ, ಎಳೆಯಬೇಡಿ. ಎಳೆದರೆ ನಾರು ಜರುಗಿ ಒಂದು ಕಡೆ ಗುಡ್ಡೆ, ಇನ್ನೊಂದು ಕಡೆ ಬರಿದು ಆಗುತ್ತದೆ. ರೆಸಿನ್ ಕೆಳಗಿನಿಂದ ಮೇಲಕ್ಕೆ ಬರಬೇಕು, ಹಾಗೆ ಬಂದರೆ ಗಾಳಿಯನ್ನು ತಾನೇ ಹೊರಗೆ ತಳ್ಳುತ್ತದೆ. ಒಂದೆರಡು ನಿಮಿಷದಲ್ಲಿ ಮ್ಯಾಟ್ ಕಟ್ಟಿದ ಅಂಟು ಸ್ಟೈರೀನ್‌ನಲ್ಲಿ ಕರಗಿ, ಬಿಳಿ ಹೋಗಿ, ಕೆಳಗಿನ ಬಣ್ಣ ಕಾಣುವಷ್ಟು ತಿಳಿಯಾಗುತ್ತದೆ. ಬೆಳ್ಳಗೆ ಉಳಿದ ಚುಕ್ಕೆ ಎಂದರೆ ಅಲ್ಲಿ ರೆಸಿನ್ ಇಲ್ಲ. ಈಗ ಗೀರು ರೋಲರನ್ನು ನಡುವಿನಿಂದ ಅಂಚಿಗೆ ಮೆಲ್ಲಗೆ ಓಡಿಸಿ; ಒತ್ತಿದರೆ ರೆಸಿನ್ ಹೊರಬಂದು ಮ್ಯಾಟ್ ಬರಡಾಗುತ್ತದೆ. ಇಡೀ ಪದರ ಹಾಲುಬಿಳಿ ಮಂಜಿನಂತೆ ಮಸುಕಾದರೆ ಅದು ತೇವ, ರೋಲರ್ ಎಷ್ಟು ಓಡಿಸಿದರೂ ಹೋಗುವುದಿಲ್ಲ. ಗಟ್ಟಿಯಾಗುವ ಮೊದಲೇ ಕೆರೆದು ತೆಗೆದು, ಇನ್ನೊಂದು ದಿನ ಒಣಗಿಸಿ.

ಮೊದಲ ನಾಲ್ಕು ಪದರ ಒಂದರ ಹಿಂದೊಂದು ಹಾಕಿ ನಿಲ್ಲಿಸಿ. ಹೆಣೆಯುವ ಕ್ರಿಯೆಯಲ್ಲೇ ಬಿಸಿ ಹುಟ್ಟುತ್ತದೆ. ಏಳೂ ಪದರ ಒಟ್ಟಿಗೆ ಹಾಕಿದರೆ ಬಿಸಿ ಹೊರಹೋಗಲು ದಾರಿಯಿಲ್ಲದೆ ಒಳಗೇ ಕುದಿದು ಗುಳ್ಳೆ, ಸೀಳು, ಹಳದಿ ಬಣ್ಣ ಬರುತ್ತವೆ. ಗಟ್ಟಿಯಾಗಿ, ಬಿಸಿ ಇಳಿದ ಮೇಲೆ ಉಳಿದ ಮೂರು ಪದರ ಹಾಕಿ. ಅದೇ ದಿನ ಮುಗಿಸಿದರೆ ಉಜ್ಜುವುದು ಬೇಡ. ಗಾಳಿಯ ಆಮ್ಲಜನಕ ತಾಗುವ ಮೇಲ್ಮೈ ಕೊಂಚ ಅಂಟಂಟಾಗಿ ಉಳಿಯುತ್ತದೆ, ಮುಂದಿನ ಪದರ ಅದನ್ನೇ ಹಿಡಿಯುತ್ತದೆ. ಒಂದು ದಿನ ದಾಟಿದರೆ 80 ನಂಬರಿನಿಂದ ಉಜ್ಜಿಯೇ ಮುಂದುವರಿಯಬೇಕು. ವ್ಯಾಕ್ಸ್ ಹಾಕಿದ ರೆಸಿನ್ ನಡುವಿನ ಪದರಕ್ಕೆ ಬೇಡವೇ ಬೇಡ, ವ್ಯಾಕ್ಸ್ ಮೇಲೆ ತೇಲಿ ಬಂದು ಮುಂದಿನದನ್ನು ಅಂಟಲು ಬಿಡುವುದಿಲ್ಲ.

ಮರುದಿನವೂ ಕೈಗೆ ಅಂಟುತ್ತದೆ ಎಂಬ ದೂರು ಬಹಳ. ಉಗುರು ಒತ್ತಿ ನೋಡಿ. ಅಂಟಿದರೂ ಉಗುರು ಇಳಿಯದಿದ್ದರೆ ಅದು ಮೇಲಿನ ಪೊರೆ ಮಾತ್ರ, ಅಸಿಟೋನ್‌ನಿಂದ ಒರೆಸಿ ಉಜ್ಜಿದರೆ ಸರಿಹೋಗುತ್ತದೆ. ಉಗುರಿನ ಗುರುತು ಬಿದ್ದರೆ ಕ್ಯಾಟಲಿಸ್ಟ್ ಕಡಿಮೆಯಾಗಿದೆ, ಅಥವಾ ಹಳೆಯದು. ಮೇಲಿನಿಂದ ಕ್ಯಾಟಲಿಸ್ಟ್ ಸವರುವುದು, ಬಿಸಿಗಾಳಿ ಬಿಡುವುದು ಯಾವುದೂ ಅದನ್ನು ಉಳಿಸುವುದಿಲ್ಲ. ಪೂರ್ತಿ ಕೆತ್ತಿ ಹೊಸದಾಗಿ ಹಾಕಬೇಕು.

ಜೆಲ್‌ಕೋಟ್

80ರಿಂದ ಮೇಲ್ಮೈ ಸಮ ಮಾಡಿ, ಪಕ್ಕದ ಹಳೆಯ ಮೈಗಿಂತ ಅರ್ಧ ಮಿ.ಮೀ. ತಗ್ಗು ಉಳಿಸಿ. ಜೆಲ್‌ಕೋಟ್ ಚದರ ಮೀಟರಿಗೆ ಸುಮಾರು 600 ಗ್ರಾಂ ಬೇಕು, ನಮ್ಮ ಈ ತೇಪೆಗೆ 50 ಗ್ರಾಂ ಸಾಕು. ಕೊನೆಯ ಕೋಟ್ ಆದ್ದರಿಂದ ಇದಕ್ಕೆ ವ್ಯಾಕ್ಸ್ ದ್ರಾವಣ ಸೇರಿಸಿ, ಅಥವಾ ಹಚ್ಚಿದ ಮೇಲೆ ಗಾಳಿ ನಿಲ್ಲದಂತೆ ಪಾಲಿಥೀನ್ ಹಾಳೆ ಹೊದೆಸಿ. ಮರುದಿನ 220, 400, 600 ನಂಬರಿನ ಪೇಪರಿನಿಂದ ನೀರು ಹಾಕಿ ಉಜ್ಜಿ.

ನೀರಿಗೆ ಇಳಿಸುವುದು, ಉಳಿದ ರೆಸಿನ್

30 ಡಿಗ್ರಿ ಹವೆಯಲ್ಲಿ ಕನಿಷ್ಠ ಏಳು ದಿನ ಬಿಡಿ. ಒಂದು ದಿನಕ್ಕೆ ಕಲ್ಲಿನಂತೆ ಗಟ್ಟಿ ಕಂಡರೂ ಹೆಣಿಗೆ ಇನ್ನೂ ನಡೆಯುತ್ತಿರುತ್ತದೆ. ಆಗಲೇ ಸಮುದ್ರಕ್ಕೆ ಇಳಿಸಿದರೆ ಒಳಗೆ ಉಳಿದ ಕರಗುವ ಅಂಶಗಳು ನೀರನ್ನು ಎಳೆದುಕೊಂಡು ಕೆಲವು ತಿಂಗಳಲ್ಲಿ ಗುಳ್ಳೆ ಎಬ್ಬಿಸುತ್ತವೆ. ಇಳಿಸುವ ಮೊದಲು ಮತ್ತೆ ನಾಣ್ಯದಿಂದ ಇಡೀ ತೇಪೆ ಕುಟ್ಟಿ. ಅಂಚಿನಲ್ಲಿ ಬೊದ್ದು ಸದ್ದು ಬಂದರೆ ಆ ಭಾಗ ಕೆತ್ತಿ ಮತ್ತೆ ಹಾಕಿ.

ಮಗ್ಗಿನಲ್ಲಿ ಉಳಿದ, ಕ್ಯಾಟಲಿಸ್ಟ್ ಹಾಕಿದ ರೆಸಿನನ್ನು ಹಾಗೇ ಬಿಟ್ಟರೆ ಹೊಗೆಯೆದ್ದು ಬೆಂಕಿ ಹತ್ತಬಹುದು. ಹಳೆಯ ತಗಡಿನ ಮೇಲೆ ತೆಳ್ಳಗೆ ಹರಡಿ, ಅಥವಾ ಮೇಲೆ ನೀರು ಸುರಿದು ತೆರೆದ ಜಾಗದಲ್ಲಿಡಿ. ಗಟ್ಟಿಯಾದ ಮೇಲೆ ಒಣಕಸಕ್ಕೆ. ಎಂಇಕೆಪಿ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯದೆ ನೀರಿನಲ್ಲಿ ನೆನೆಸಿಡಿ. ಕೊಳೆಯಾದ ಅಸಿಟೋನನ್ನು ಮುಚ್ಚಳ ಹಾಕಿದ ಡಬ್ಬಿಯಲ್ಲಿ ಬಿಟ್ಟರೆ ಕೆಸರು ಕೆಳಗೆ ಕೂರುತ್ತದೆ, ಮೇಲಿನ ತಿಳಿ ಬ್ರಷ್ ತೊಳೆಯಲು ಮತ್ತೆ ಆಗುತ್ತದೆ. ಗ್ರೈಂಡರ್ ಹಚ್ಚುವ ಮೊದಲೇ ಕೆಳಗೆ ಟಾರ್ಪಾಲು ಹಾಸಿ. ಗಾಜಿನ ದೂಳನ್ನು ಹೊಳೆಗೋ ಹೊಯಿಗೆಗೋ ಗುಡಿಸಬೇಡಿ, ಅದು ಅಲ್ಲಿ ಕರಗುವ ವಸ್ತುವಲ್ಲ. ಮೈಗೆ ತುರಿಕೆ ಹಿಡಿದರೆ ತಣ್ಣೀರಿನಲ್ಲಿ ಉಜ್ಜದೆ ತೊಳೆಯಿರಿ.